ಸಿಹಿಯೊಳಗೆ ಅಡಗಿದ ಮಾಂಸ

ಅಮೆರಿಕದ ಆಗ್ನೇಯ ಭಾಗದ ಪೊದೆಗಾಡುಗಳಲ್ಲಿ ಹೇರಳವಾಗಿರುವ, ಹೆಣ್ಣಿನ ಬೆನ್ನ ಮೇಲೆ ಒಂಟಿ ಬಿಳಿಯ ಚುಕ್ಕೆಯಿರುವುದರಿಂದ ‘ಲೋನ್ ಸ್ಟಾರ್’ ಎಂದು ಹೆಸರಾದ ಉಣ್ಣಿಯು ಕಚ್ಚಿದ ಮೇಲೆ, ಅಲ್ಲಿಯವರೆಗೆ ದನ, ಹಂದಿ, ಕುರಿಗಳ ಮಾಂಸವನ್ನು ನಿಶ್ಚಿಂತೆಯಿಂದ ಉಣ್ಣುತ್ತಿದ್ದ ಮನುಷ್ಯನ ದೇಹವು ಅದೇ ಆಹಾರವನ್ನು ವಿಷವೆಂಬಂತೆ ಪ್ರತಿಭಟಿಸತೊಡಗುವುದುಂಟು. ವಿಚಿತ್ರವೆಂದರೆ, ಇದಕ್ಕೆಲ್ಲ ಕಾರಣವಾದ ಆಲ್ಫಾ-ಗ್ಯಾಲ್ ಸಕ್ಕರೆಯ ಕುಲಕ್ಕೇ ಸೇರಿದ ದ್ರವ್ಯ. ಬಹುಪಾಲು ಸಸ್ತನಿಗಳಲ್ಲಿ ಅದುಂಟು, ಮನುಷ್ಯನಲ್ಲಿಲ್ಲ. ವರ್ಜೀನಿಯ ವಿಶ್ವವಿದ್ಯಾಲಯದ ಥಾಮಸ್ ಪ್ಲಾಟ್ಸ್-ಮಿಲ್ಸ್ ಮತ್ತು ಅವರ ಸಂಗಡಿಗರು 2009ರಲ್ಲಿ ಈ ಅಲರ್ಜಿಯನ್ನು ವಿವರಿಸಿದರು. 2010ರಿಂದ 2022ರವರೆಗೆ ಆ ದೇಶದಲ್ಲಿ 1,10,000ಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ಕಂಡುಬಂದಿವೆ.

ಮಾಂಸದ ತಟ್ಟೆಯನ್ನು ದೂರ ಸರಿಸುವುದು ಕಷ್ಟವಲ್ಲ. ಕಷ್ಟವಿರುವುದು ಊಟದ ಕೊನೆಗೆ ಬರುವ ಸಿಹಿಯಲ್ಲಿ. ನಿಂಬೆಹಣ್ಣಿನ ‘ಮೂಸ್’ ತುಂಬಿದ ಪುಟ್ಟ ಡಬ್ಬಿಯೊಂದನ್ನು ತಿರುಗಿಸಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಅದರ ಬೆನ್ನಿನ ಇರುವೆಸಾಲಿನಂಥ ಅಕ್ಷರಗಳನ್ನು ಓದಿದರೆ, ಸಕ್ಕರೆ, ನಿಂಬೆರಸಗಳ ಹಿಂದೆಯೇ ಜಿಲೆಟಿನ್ ಎಂಬ ಹೆಸರು ಬರುತ್ತದೆ. ಅದು ಸಾಮಾನ್ಯವಾಗಿ ಹಂದಿಯ ಅಥವಾ ದನದ ಚರ್ಮ, ಎಲುಬುಗಳಿಂದ ತೆಗೆದ ಅಂಟು, ಮೀನಿನದಾದರೆ ಮಾತ್ರ ಭಯವಿಲ್ಲ. ಅನಂತರ ಬರುವ ಮೋನೋ ಮತ್ತು ಡೈಗ್ಲಿಸರೈಡ್‌ಗಳು ತಾಳೆಯೆಣ್ಣೆಯಿಂದ ಹುಟ್ಟಿದವೋ ದನದ ಕೊಬ್ಬಿನಿಂದಲೋ ಎಂಬುದನ್ನು ಡಬ್ಬಿ ಹೇಳುವುದಿಲ್ಲ. ಕ್ಯಾರಗೀನನ್ ಕಡಲಕಳೆಯ ಸಾರವಾದರೂ ಅದರಲ್ಲಿ ಆಲ್ಫಾ-ಗ್ಯಾಲ್‌ನ ಬಂಧವೇ ಇರುವುದರಿಂದ ಕೆಲವರಿಗೆ ಅದೂ ಆಗದು. ಎಂದರೆ ‘ವೀಗನ್’ ಎಂಬ ಮುದ್ರೆಯೂ ಪೂರ್ಣ ಅಭಯವಲ್ಲ. ಕೊನೆಯಲ್ಲಿ ‘ಸಹಜ ಸುವಾಸನೆ’. ಸಸ್ಯದ ಸಾರಕ್ಕೂ ಮಾಂಸದ ಸಾರಕ್ಕೂ ಸಮನಾಗಿ ಸಲ್ಲುವ ಈ ಹೆಸರಿಗಿಂತ ನುಣುಚಿಕೊಳ್ಳುವ ಮಾತನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಕಾನೂನಿನ ನೆರವು ಇಲ್ಲಿ ಸ್ವಲ್ಪವೇ. ಸ್ಪಷ್ಟವಾಗಿ ಸಾರಲೇಬೇಕಾದ ಪ್ರಮುಖ ಅಲರ್ಜಿಕಾರಕಗಳು ಅಮೆರಿಕದಲ್ಲಿ ಒಂಬತ್ತು. ಹಾಲು ಆ ಪಟ್ಟಿಯಲ್ಲಿದೆ, 2023ರಿಂದ ಎಳ್ಳೂ ಸೇರಿದೆ, ಸಸ್ತನಿಯ ಮಾಂಸವಿಲ್ಲ. ಅದಕ್ಕೆ ಮೇಲಾಗಿ, ಉಂಡ ಕೂಡಲೇ ಗಂಟಲು ಕಟ್ಟುವ ಕಡಲೆಕಾಯಿಯ ಅಲರ್ಜಿಯಂತಲ್ಲದೆ ಇದು ಎರಡರಿಂದ ಆರು ತಾಸು ತಡೆದು ಬರುವುದರಿಂದ, ನಡುರಾತ್ರಿ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿ ಎಚ್ಚರಗೊಂಡವನಿಗೆ ಸಂಜೆ ತಿಂದ, ಜಿಲೆಟಿನ್ ಬೆರೆತ ಮಾರ್ಷ್‌ಮ್ಯಾಲೋ ನೆನಪಿಗೇ ಬಾರದು.

ಸಸ್ಯಾಹಾರಿಗೆ ಇದರ ಗೊಡವೆ ಏಕೆಂದು ಕೇಳಬಹುದು. ಉಣ್ಣಿಯು ಕುಲಗೋತ್ರ ವಿಚಾರಿಸಿ ಕಚ್ಚುವುದಿಲ್ಲ. ಈ ರೋಗಿಗಳಲ್ಲಿ ಕೆಲವರಿಗೆ ಹಾಲು, ಕೆನೆಗಳೂ ಒಗ್ಗುವುದಿಲ್ಲ. ನಮ್ಮ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯು ಜಿಲೆಟಿನ್ನನ್ನು ಹೊರಗಿಡುತ್ತದೆಯೇ ಹೊರತು ಹಾಲನ್ನಲ್ಲ. ಆದುದರಿಂದ ವರ್ಜೀನಿಯದಲ್ಲಿಯೋ ಕೆರೊಲಿನದಲ್ಲಿಯೋ ಈ ವ್ಯಾಧಿಗೆ ತುತ್ತಾದ ಬಂಧುಗಳಿದ್ದರೆ, ಪೇಡೆಯನ್ನೋ ಮೈಸೂರುಪಾಕನ್ನೋ ಕಟ್ಟಿ ಕಳುಹಿಸುವ ಮುನ್ನ, ಹಾಲು ತುಪ್ಪ ಅವರಿಗೆ ಆಗುವುದೇ ಎಂದು ದಯವಿಟ್ಟು ಒಂದು ಮಾತು ಕೇಳಿರಿ.