ದಸ್ಕತ್ತು

ನಮ್ಮ ಕಚೇರಿಗಳ ಕನ್ನಡದಲ್ಲಿ ಪಾರ್ಸಿಯಿಂದ ಬಂದ ಮಾತುಗಳು ಹೇರಳವಾಗಿವೆ. ಅನ್ಯದೇಶ್ಯಗಳ ಪಾಠ ಹೇಳುವಾಗ ನಾನು ಫಿರ್ಯಾದು, ದಸ್ಕತ್ತು, ದಸ್ತಗಿರಿ ಎಂಬ ಮೂರನ್ನು ಹಲಗೆಯ ಮೇಲೆ ಬರೆಯುವುದುಂಟು. ಫಿರ್ಯಾದಿನ ಮೂಲಾರ್ಥ ಕೂಗು, ಮೊರೆ. ‘ದಸ್ತ್’ ಎಂದರೆ ಕೈ. ಕೈಬರಹವು ದಸ್ಕತ್ತಾಯಿತು, ಕೈಹಿಡಿದು ನಿಲ್ಲಿಸುವುದು ದಸ್ತಗಿರಿಯಾಯಿತು. ಈಚೆಗೆ ಈ ಪಾಠ ಮುಗಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, “ಈ ಮಾತುಗಳು ಹುಟ್ಟಿದ ನಾಡಿನಲ್ಲಿ ಹೆಂಗಸಿನ ಫಿರ್ಯಾದಿಗೆ ಬೆಲೆಯಿದೆಯೆ, ಸಾರ್?” ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅಂದು ಹೇಳದೆ ಉಳಿದುದನ್ನು ಇಲ್ಲಿ ಹೇಳುತ್ತಿದ್ದೇನೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇರಾನಿನ ಕವಯಿತ್ರಿ ಫರೂಗ್ ಫರ್ರೊಖ್‌ಜಾದಳಿಂದ ಆರಂಭಿಸುವುದು ಉಚಿತ. ಹದಿಹರೆಯದಲ್ಲಿಯೇ ಮದುವೆಯಾದ ಆಕೆ ಕೆಲವೇ ವರ್ಷಗಳಲ್ಲಿ ಗಂಡನಿಂದ ಬೇರೆಯಾದಳು; ಹೆತ್ತ ಮಗನು ತಂದೆಯ ಪಾಲಾದನು. ತನ್ನ ಮೊದಲ ಸಂಕಲನಕ್ಕೆ ಆಕೆಯಿಟ್ಟ ಹೆಸರು ‘ಅಸೀರ್’, ಎಂದರೆ ಸೆರೆಯಾಳು. 1967ರ ಫೆಬ್ರವರಿಯಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡಾಗ ಆಕೆಗೆ 32 ವರ್ಷ. ಅದೇ ವರ್ಷ ಇರಾನಿನಲ್ಲಿ ಕುಟುಂಬ ರಕ್ಷಣಾ ಕಾನೂನು ಬಂದಿತು. ಗಂಡನು ತನ್ನಿಚ್ಛೆಯಂತೆ ಹೆಂಡತಿಯನ್ನು ಬಿಟ್ಟುಬಿಡುವುದು ತಪ್ಪಿ, ವಿಚ್ಛೇದನವು ನ್ಯಾಯಾಲಯದ ಮುಂದೆ ಬರಬೇಕಾಯಿತು. ಮಗು ಯಾರ ಬಳಿ ಇರಬೇಕೆಂಬುದನ್ನೂ ನ್ಯಾಯಾಲಯವೇ ತೀರ್ಮಾನಿಸುವಂತಾಯಿತು. ಆ ತಾಯಿಗೆ ಮಾತ್ರ ಅದು ಒದಗಲಿಲ್ಲ.

ಹೆಂಗಸರಿಗೆ 1963ರಲ್ಲಿ ಮತದಾನದ ಹಕ್ಕು ಬಂದಿದ್ದಿತು. ಅದು ಉಳಿಯಿತು, 1967ರ ಕಾನೂನು ಉಳಿಯಲಿಲ್ಲ. 1979ರ ಕ್ರಾಂತಿಯಾದ ಕೆಲವೇ ದಿನಗಳಲ್ಲಿ ಅದನ್ನು ಬದಿಗಿಡಲಾಯಿತು. ಟೆಹರಾನಿನಲ್ಲಿ ನ್ಯಾಯಾಧೀಶೆಯಾಗಿದ್ದ ಶಿರೀನ್ ಎಬಾದಿಯಂಥವರಿಗೆ ತೀರ್ಪು ಕೊಡುವ ಅಧಿಕಾರವೇ ಹೋಯಿತು. ಹಿಂದೆ ತಾನು ಪೀಠದಲ್ಲಿ ಕುಳಿತಿದ್ದ ನ್ಯಾಯಾಲಯದಲ್ಲಿಯೇ ಆಕೆಗೆ ಗುಮಾಸ್ತೆಯ ಕೆಲಸ ಕೊಟ್ಟರು. ಆಕೆ ಮುಂದೆ ವಕೀಲಿಯಾಗಿ ಹೋರಾಡಿ 2003ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದಳು.

ವಿಶ್ವವಿದ್ಯಾನಿಲಯಗಳಿಗೆ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರಾದ ಮೇಲೆಯೂ ಕಾನೂನು ಕದಲಲಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಅರ್ಧ ಪಾಲು. ಅನೇಕ ವ್ಯವಹಾರಗಳಲ್ಲಿ ಇಬ್ಬರು ಹೆಂಗಸರ ಸಾಕ್ಷ್ಯ ಒಬ್ಬ ಗಂಡಸಿನದಕ್ಕೆ ಸಮ. ಮದುವೆಯಾದವಳು ಪಾಸ್‌ಪೋರ್ಟು ಪಡೆಯಬೇಕಾದರೆ ಗಂಡನ ಲಿಖಿತ ಒಪ್ಪಿಗೆ ಬೇಕು. ಎಷ್ಟು ಓದಿದವಳಾದರೂ ಆಕೆಯ ದಸ್ಕತ್ತೊಂದೇ ಸಾಲದು.

ಈ ಹಿನ್ನೆಲೆಯಲ್ಲಿ ಆ ಹೆಂಗಸರು ದಸ್ಕತ್ತನ್ನೇ ತಮ್ಮ ಆಯುಧವಾಗಿ ಆರಿಸಿಕೊಂಡುದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ. 2006ರ ಜೂನ್ 12ರಂದು ಟೆಹರಾನಿನ ಚೌಕವೊಂದರಲ್ಲಿ ಸೇರಿದ್ದ ಅವರನ್ನು ಪೊಲೀಸರು ಚದುರಿಸಿದರು, ಹಲವರ ದಸ್ತಗಿರಿಯಾಯಿತು. ಸಭೆಗೆ ಸ್ಥಳವಿಲ್ಲವೆಂದಮೇಲೆ ಮನೆಯ ಬಾಗಿಲಿಗೇ ಹೋಗೋಣವೆಂದು, ಅದೇ ಆಗಸ್ಟ್ 27ರಂದು ಹತ್ತು ಲಕ್ಷ ದಸ್ಕತ್ತುಗಳ ಚಳವಳಿಯನ್ನು ಆರಂಭಿಸಿದರು. ಇಂಥದೊಂದು ಚಳವಳಿ ಮೊರಾಕೊದಲ್ಲಿ ಅದಕ್ಕೆ ಮೊದಲೇ ನಡೆದಿದ್ದಿತು. ಕಾರ್ಯಕರ್ತರು ಮನೆಮನೆಗೆ, ಉದ್ಯಾನಗಳಿಗೆ, ಬಸ್ಸುಗಳಿಗೆ ಹೋಗಿ ಕಾನೂನು ಹೇಗಿದೆಯೆಂದು ವಿವರಿಸಿ ಅರ್ಜಿಯನ್ನು ಮುಂದಿಡುತ್ತಿದ್ದರು. ಕೆಲವು ಗಂಡಸರೂ ಅವರೊಡನೆ ಸೇರಿದರು. ದಸ್ಕತ್ತು ಕೇಳಿದ ತಪ್ಪಿಗೆ ಎಷ್ಟೋ ಮಂದಿ ಸೆರೆಮನೆ ಕಂಡರು.

ಫಲವೇನು? ಬಹುಪಾಲು ಕಾನೂನುಗಳು ಹಾಗೆಯೇ ಇವೆ. ಆದರೂ 2019ರಲ್ಲಿ, ವಿದೇಶೀಯನನ್ನು ಮದುವೆಯಾದ ತಾಯಿಯ ಮಕ್ಕಳಿಗೆ ಇರಾನಿನ ಪೌರತ್ವ ದೊರೆಯುವ ದಾರಿ ತೆರೆಯಿತು. 2022ರ ಸೆಪ್ಟೆಂಬರಿನಲ್ಲಿ, ಉಡುಪಿನ ಕಾರಣಕ್ಕೆ ದಸ್ತಗಿರಿಯಾಗಿದ್ದ ಮಹ್ಸಾ ಅಮೀನಿ ಎಂಬ ತರುಣಿ ಸತ್ತಾಗ, “ಜನ್, ಜಿಂದಗೀ, ಆಜಾದೀ” ಎಂಬ ಘೋಷ ಊರೂರಿನಲ್ಲಿ ಎದ್ದಿತು. ಹೆಣ್ಣು, ಬದುಕು, ಸ್ವಾತಂತ್ರ್ಯ: ಇವುಗಳಲ್ಲಿ ಕೊನೆಯ ಎರಡಕ್ಕೆ ನಮ್ಮ ಕಿವಿಗೆ ಅರ್ಥ ಹೇಳಬೇಕಾಗಿಲ್ಲ.

ಆ ಹುಡುಗಿಗೆ ನನ್ನ ಉತ್ತರ ಇಷ್ಟೆ: ಅಲ್ಲಿ ಫಿರ್ಯಾದಿಗೆ ತಕ್ಕ ಬೆಲೆ ಇನ್ನೂ ದೊರೆತಿಲ್ಲ, ಆದರೆ ದಸ್ತಗಿರಿಯ ಭಯವನ್ನು ಬಲ್ಲ ಹೆಂಗಸರೇ ಅರ್ಜಿಯ ಕೆಳಗೆ ತಮ್ಮ ಹೆಸರನ್ನು ಬರೆದರು. ಇನ್ನು ಮುಂದೆ ಆ ಮೂರು ಮಾತುಗಳನ್ನು ಹಲಗೆಯ ಮೇಲೆ ಬರೆದಾಗ ಇದನ್ನೂ ಹೇಳಿಯೇ ಮುಂದಿನ ಪಾಠಕ್ಕೆ ಹೋಗುವೆನು.