ನಿಮಗಿದು ಗೊತ್ತೆ? ಮೇಜಿನ ಮೇಲೊಂದು ಕಡಲು

ಹಡಗಿನ ಮಾದರಿ ಕಟ್ಟುವವರಿಗೆ ಹಡಗಿಗಿಂತ ನೀರೇ ದೊಡ್ಡ ಸವಾಲು. 1971ರಲ್ಲಿ ಜಪಾನಿನ ಶಿಜುವೊಕಾದ ಮಾದರಿ ತಯಾರಕರು ಒಟ್ಟು ಸೇರಿ, ನೀರಿನಿಂದ ಮೇಲಿನ ಭಾಗವಷ್ಟೇ ಇರುವ ಯುದ್ಧನೌಕೆಗಳ ಕಿಟ್‌ಗಳನ್ನು 1:700 ಅಳತೆಯಲ್ಲಿ ಹೊರತಂದರು. ಇಂಥ ಹಡಗನ್ನು ಕೃತಕ ಕಡಲಿನ ಮೇಲೆ ನೇರವಾಗಿ ಕೂರಿಸಬಹುದು. ಈ ಅಳತೆಯಲ್ಲಿ 7 ಮೀಟರ್ ಎಂದರೆ 1 ಸೆಂಟಿಮೀಟರ್. ಕಾರವಾರದ ನೌಕಾನೆಲೆಯ ಐಎನ್‌ಎಸ್ ವಿಕ್ರಮಾದಿತ್ಯದ 284 ಮೀಟರ್ ಉದ್ದ ಸುಮಾರು 40 ಸೆಂಟಿಮೀಟರ್‌ಗೆ ಇಳಿಯುತ್ತದೆ. ಡೆಕ್ ಮೇಲಿನ ನಾವಿಕನ ಎತ್ತರ ಎರಡೂವರೆ ಮಿಲಿಮೀಟರ್ ಅಷ್ಟೇ!

ಹೆಚ್ಚಿನವರು ಎಡವುವುದು ಅಲೆಗಳಲ್ಲಿ. ಅಂದಕ್ಕೆಂದು ಅರ್ಧ ಇಂಚಿನ ಅಲೆ ಎಬ್ಬಿಸಿದರೆ ಅದು ಮೂರಂತಸ್ತಿನ ಮನೆಯಷ್ಟು ಎತ್ತರದ ಬಿರುಗಾಳಿಯ ಅಲೆ. 3 ಮೀಟರಿನ ಅಲೆಗೆ 4 ಮಿಲಿಮೀಟರ್ ಸಾಕು.

ಇನ್ನು ಹಡಗು ಹಿಂದೆ ಬಿಟ್ಟುಹೋಗುವ 'ವಿ' ಆಕಾರದ ಅಲೆಸಾಲು. ಆಳವಾದ ನೀರಿನಲ್ಲಿ ಇದರ ಒಟ್ಟು ಕೋನ ಸುಮಾರು 39 ಡಿಗ್ರಿ ಎಂದು ಲಾರ್ಡ್ ಕೆಲ್ವಿನ್ 19ನೇ ಶತಮಾನದಲ್ಲೇ ಲೆಕ್ಕ ಹಾಕಿದ್ದರು. ಕೆರೆಯಲ್ಲಿ ಈಜುವ ಬಾತುಕೋಳಿಗೂ ಸಾಮಾನ್ಯವಾಗಿ ಇದೇ ಕೋನ! ಒಳ್ಳೆಯ ಕುಶಲಕರ್ಮಿ ಮೊದಲು ಪೆನ್ಸಿಲ್‌ನಿಂದ ಈ ಗೆರೆಗಳನ್ನು ಎಳೆದುಕೊಂಡೇ ಕೆಲಸ ಶುರುಮಾಡುತ್ತಾನೆ.

ನೀರು ಪಾರದರ್ಶಕ ಎಂದು ಗಾಜಿನಂತೆ ಮಾಡುವುದೂ ಸರಿಯಲ್ಲ. ದೂರದಿಂದ ನೋಡಿದಾಗ ನಡುಗಡಲಿನ ತಳ ಕಾಣುವುದಿಲ್ಲ. ಹಾಗಾಗಿ ಅಕ್ರಿಲಿಕ್ ಜೆಲ್‌ನಲ್ಲಿ ಅಲೆ ಎಬ್ಬಿಸಿ, ಕಡುನೀಲಿ-ಹಸಿರು ಬಳಿದು, ಮೇಲೆ ಹೊಳಪಿನ ವಾರ್ನಿಶ್ ಹಚ್ಚುತ್ತಾರೆ. ಮೂತಿಯ ಬಳಿ ಚಿಮ್ಮುವ ನೊರೆಗೆ ಹಿಂಜಿದ ಹತ್ತಿಯ ಎಳೆಗಳು.