ಕಣ್ಣು ಬೆಳ್ಳಗಿದ್ದರೂ ಗೂಡು ಮುರಿದಿರಬಹುದು

ಸಂಖದಲ್ಲಿಯೋ ಉಮದಿಯಲ್ಲಿಯೋ ಒಂದು ಕನ್ನಡ ಶಾಲೆಯ ಮೈದಾನ. ಮಧ್ಯಾಹ್ನದ ಬಿಡುವಿನಲ್ಲಿ ಕ್ರಿಕೆಟ್ ನಡೆದಿದೆ ಎಂದುಕೊಳ್ಳೋಣ. ಚೆಂಡು ಹತ್ತು ವರ್ಷದ ಹುಡುಗನೊಬ್ಬನ ಎಡಗಣ್ಣಿಗೆ ಬಡಿಯುತ್ತದೆ. ಗುರುಗಳು ಓಡಿಬಂದು ನೋಡುತ್ತಾರೆ. ರಕ್ತವಿಲ್ಲ, ಕಣ್ಣು ಕೆಂಪಾಗಿಲ್ಲ, ಬಾವೂ ಅಷ್ಟಕ್ಕಷ್ಟೇ. ತಣ್ಣೀರು ಹಾಕಿ ನೆರಳಿನಲ್ಲಿ ಕೂಡಿಸುತ್ತಾರೆ. ಸಂಜೆಗೆ ಹುಡುಗ ಎರಡು ಸಲ ವಾಂತಿ ಮಾಡಿ, ಕಣ್ಣು ಮುಚ್ಚಿ ಮಲಗಿಬಿಡುತ್ತಾನೆ. ಬಿಸಿಲು ತಾಗಿದೆ ಎನ್ನುತ್ತಾಳೆ ಅಜ್ಜಿ. ತಲೆಗೆ ಪೆಟ್ಟಾಗಿದೆಯೇನೋ ಎಂದು ತಂದೆ ಅಂಜುತ್ತಾನೆ. ಕಣ್ಣಿನ ಮಾತನ್ನು ಯಾರೂ ಎತ್ತುವುದಿಲ್ಲ. ಮಕ್ಕಳ ಕಣ್ಣಿನ ಪೆಟ್ಟುಗಳಲ್ಲಿ ಅತ್ಯಂತ ಮೋಸದ ಪೆಟ್ಟು ಕಾಣುವುದು ಹೀಗೆಯೇ.

ಇದನ್ನು ತಿಳಿಯಲು ಕಣ್ಣು ಕುಳಿತಿರುವ ಗೂಡನ್ನು ಮೊದಲು ತಿಳಿಯಬೇಕು. ವೈದ್ಯರು ಅದನ್ನು ಆರ್ಬಿಟ್ ಎನ್ನುತ್ತಾರೆ. ಏಳು ಎಲುಬುಗಳು ಕೂಡಿ ಕಟ್ಟಿದ, ಹಿಂದಕ್ಕೆ ಹೋದಂತೆ ಕಿರಿದಾಗುವ ಕೋಣೆ ಅದು. ದೊಡ್ಡವರಲ್ಲಿ ಅದರ ಅಳತೆ ಸುಮಾರು 30 ಮಿಲಿಲೀಟರ್. ಕಣ್ಣಗುಡ್ಡೆ ತುಂಬುವುದು ಅದರಲ್ಲಿ ಸುಮಾರು 7 ಮಿಲಿಲೀಟರ್ ಮಾತ್ರ. ಉಳಿದ ಜಾಗದಲ್ಲಿ ಕೊಬ್ಬು, ಕಣ್ಣನ್ನು ತಿರುಗಿಸುವ ಆರು ಸ್ನಾಯುಗಳು, ರಕ್ತನಾಳಗಳು ಮತ್ತು ಮೆದುಳಿಗೆ ದೃಷ್ಟಿಯನ್ನು ಒಯ್ಯುವ ನರ ಇವೆ. ಹೊರಗಿನ ಅಂಚು ಗಟ್ಟಿ. ಆದರೆ ಕೆನ್ನೆಯ ಪೊಳ್ಳಿನ ಮೇಲಿರುವ ನೆಲ ಮತ್ತು ಮೂಗಿನ ಕಡೆಯ ಗೋಡೆ ಬಹಳ ತೆಳು. ಆ ಗೋಡೆಯ ಲ್ಯಾಟಿನ್ ಹೆಸರಿನ ಅರ್ಥವೇ ಕಾಗದದ ಹಾಳೆ.

ಚೆಂಡು ಬಡಿದರೆ ಅಂಚು ಉಳಿದು ನೆಲವೇಕೆ ಮುರಿಯುತ್ತದೆ? 1957ರಲ್ಲಿ ಅಮೆರಿಕದ ಸ್ಮಿತ್ ಮತ್ತು ರೀಗನ್ ಎಂಬ ವೈದ್ಯರು ಶವವೊಂದರ ಕಣ್ಣಿನ ಮೇಲೆ ಐರಿಷ್ ಜನರ ಹರ್ಲಿಂಗ್ ಆಟದ ಚೆಂಡನ್ನಿಟ್ಟು ಸುತ್ತಿಗೆಯಿಂದ ಹೊಡೆದು ಪರೀಕ್ಷಿಸಿದರು. ಅಂಚಿಗೆ ಏನೂ ಆಗಲಿಲ್ಲ. ಒಳಗಿನ ನೆಲ ಕೆಳಕ್ಕೆ ಒಡೆದುಹೋಯಿತು. ದೊಡ್ಡವರಲ್ಲಿ ಈ ನೆಲ ತತ್ತಿಯ ಚಿಪ್ಪಿನಂತೆ ಚೂರಾಗುತ್ತದೆ. ಮಕ್ಕಳ ಎಲುಬಾದರೋ ಹಸಿ ಕಟ್ಟಿಗೆಯಂತೆ ಬಾಗುವಂಥದ್ದು. ಅದು ಒಂದು ಕ್ಷಣ ಬಿರಿದು, ಇಲಿಬೋನಿನ ಬಾಗಿಲಿನಂತೆ ಮತ್ತೆ ಮುಚ್ಚಿಕೊಳ್ಳುತ್ತದೆ. ಆ ಕ್ಷಣದಲ್ಲಿ ಕೆಳಕ್ಕೆ ಜಾರಿದ ಸ್ನಾಯು ಬಿರುಕಿನಲ್ಲಿ ಸಿಕ್ಕಿಬೀಳುತ್ತದೆ. ಹೊರಗೆ ಕಣ್ಣು ಬೆಳ್ಳಗೆ, ಸ್ವಚ್ಛವಾಗಿ ಇರುತ್ತದೆ; ಒಳಗೆ ಸ್ನಾಯುವಿಗೆ ರಕ್ತ ನಿಂತಿರುತ್ತದೆ. ಸಿಕ್ಕಿಬಿದ್ದ ಸ್ನಾಯುವಿನ ಎಳೆತ ನರಗಳ ಮೂಲಕ ಹೃದಯದವರೆಗೂ ತಲುಪಿ ನಾಡಿ ನಿಧಾನವಾಗುತ್ತದೆ, ವಾಕರಿಕೆ ಬರುತ್ತದೆ, ಕೆಲವು ಮಕ್ಕಳು ಮೂರ್ಛೆ ಹೋಗುತ್ತಾರೆ. ವಾಂತಿಯನ್ನು ಕಂಡು ತಲೆಪೆಟ್ಟೆಂದು ತಿಳಿಯುವುದು ಮನೆಯವರಲ್ಲಷ್ಟೇ ಅಲ್ಲ, ದವಾಖಾನೆಗಳಲ್ಲಿಯೂ ನಡೆಯುವ ತಪ್ಪು. ತಲೆಯ ಪರೀಕ್ಷೆ ಆಗಲೇಬೇಕು, ನಿಜ. ಆದರೆ ಅಲ್ಲಿಗೇ ನಿಲ್ಲಬಾರದು.

ಕಂಡುಹಿಡಿಯುವ ಮೊದಲ ಪರೀಕ್ಷೆಗೆ ಯಂತ್ರ ಬೇಡ, ಒಂದು ಪೆನ್ಸಿಲ್ ಸಾಕು. ಮಗು ತಲೆಯನ್ನು ಅಲ್ಲಾಡಿಸದೆ ಎರಡೂ ಕಣ್ಣು ತೆರೆದು ಪೆನ್ಸಿಲಿನ ತುದಿಯನ್ನೇ ನೋಡಲಿ. ಅದನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಯ್ಯಬೇಕು. ಒಂದು ಕಣ್ಣು ಮೇಲೇರಿ ಇನ್ನೊಂದು ನಡುವೆಯೇ ನಿಂತರೆ, ಅಥವಾ ಪೆನ್ಸಿಲ್ ಎರಡಾಗಿ ಕಂಡರೆ, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಸಿಕ್ಕಿಬಿದ್ದ ಸ್ನಾಯುವನ್ನು ಒಂದೆರಡು ದಿನಗಳೊಳಗೆ ಬಿಡಿಸದಿದ್ದರೆ ಅದು ಒಳಗೇ ಸತ್ತು ಗಂಟಾಗಿ, ಕಣ್ಣು ಜೀವನಪೂರ್ತಿ ಸರಿಯಾಗಿ ತಿರುಗದೆ ಉಳಿಯಬಹುದು. ದೊಡ್ಡವರಲ್ಲಿ ಬಾವು ಇಳಿಯಲೆಂದು ಎರಡು ವಾರದವರೆಗೆ ಕಾಯುವುದುಂಟು. ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ. ಆ ನಿಯಮವನ್ನು ಸ್ನಾಯು ಸಿಕ್ಕಿಬಿದ್ದ ಮಗುವಿಗೆ ಹಚ್ಚಬಾರದು.

ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಬರೀ ತಲೆಯದಲ್ಲ, ತೆಳುಪದರಗಳಲ್ಲಿ ತೆಗೆದ ಕಣ್ಣಗೂಡಿನ ಸ್ಕ್ಯಾನ್ ಬೇಕು. ಬಾಗಿಲು ಮುಚ್ಚಿಕೊಂಡಿರುವುದರಿಂದ ಬಿರುಕು ಚಿತ್ರದಲ್ಲಿ ಕೂದಲೆಳೆಯಷ್ಟೇ ಇರಬಹುದು, ಕಾಣದೆಯೂ ಹೋಗಬಹುದು. ಹೀಗಾಗಿ ಪೆನ್ಸಿಲಿನ ಪರೀಕ್ಷೆ ಹೇಳಿದ್ದನ್ನು ಸ್ಕ್ಯಾನಿನ ವರದಿ ಅಳಿಸಿಹಾಕುವಂತಿಲ್ಲ. ಶಸ್ತ್ರವೈದ್ಯರು ಸಾಮಾನ್ಯವಾಗಿ ಕೆಳರೆಪ್ಪೆಯ ಒಳಮಗ್ಗುಲಿನಿಂದ ಹೋಗಿ ಸ್ನಾಯುವನ್ನು ಬಿಡಿಸುತ್ತಾರೆ, ನೆಲದಲ್ಲಿ ಕಿಂಡಿ ಉಳಿದರೆ ತೆಳುವಾದ ತಗಡನ್ನು ಕೂಡಿಸುತ್ತಾರೆ. ಮುಖದ ಮೇಲೆ ಗಾಯದ ಗುರುತು ಕಾಣುವುದಿಲ್ಲ.

ಇಲ್ಲಿ ಜತ್ತ ತಾಲೂಕಿನ ಕನ್ನಡ ಮನೆಗಳಿಗೆ ಮಾತ್ರ ಇರುವ ತೊಡಕೊಂದಿದೆ. ಈ ಕಾಯಿಲೆಯ ನಿರ್ಣಯ ಅರ್ಧದಷ್ಟು ಮಗುವಿನ ಬಾಯಿಂದಲೇ ಬರಬೇಕು. ಮಗುವಿನ ಮಾತು ಕನ್ನಡ. ಮಿರಜ, ಸಾಂಗಲಿಯ ಆಸ್ಪತ್ರೆಗಳ ಕಾಗದಪತ್ರ, ಪ್ರಶ್ನೋತ್ತರ ಬಹುಮಟ್ಟಿಗೆ ಮರಾಠಿ. ಅಪರಿಚಿತ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಹೆದರಿದ ಮಗು ಸುಮ್ಮನೆ ತಲೆಯಾಡಿಸುತ್ತದೆ. ಎರಡೆರಡಾಗಿ ಕಾಣುತ್ತದೆಯೇ ಎಂದು ಮನೆಯವರು ಮೊದಲೇ ಕನ್ನಡದಲ್ಲಿ ಕೇಳಿ ತಿಳಿದು, ವೈದ್ಯರಿಗೆ 'ಏಕಾಚೇ ದೋನ್ ದಿಸತಾತ್' ಎಂದು ಹೇಳಬೇಕು. ಕನ್ನಡ ಬಲ್ಲ ದಾದಿಯರೂ ವೈದ್ಯರೂ ಮಿರಜೆಯಲ್ಲಿ ಅಪರೂಪವಲ್ಲ. ಕೇಳುವುದಕ್ಕೆ ಸಂಕೋಚ ಬೇಡ. ಸಂಖ, ಉಮದಿ ಕಡೆಯ ಊರುಗಳಿಗಂತೂ ಸಾಂಗಲಿಗಿಂತ ವಿಜಯಪುರ ಹತ್ತಿರ. ಗಡಿಯ ಯಾವ ಮಗ್ಗುಲು ಎಂದು ಸ್ನಾಯು ಕಾಯುತ್ತ ಕೂಡುವುದಿಲ್ಲ. ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಆ ಆಸ್ಪತ್ರೆ ಸೇರಿದೆಯೇ ಎಂಬುದನ್ನು ಅಲ್ಲಿನ ಆರೋಗ್ಯಮಿತ್ರರಿಂದ ಆಗಲೇ ಕೇಳಿಕೊಳ್ಳುವುದು ಒಳಿತು.

ಕಣ್ಣೆಂದರೆ ಮೋತಿಬಿಂದು, ಚಿಕಿತ್ಸೆಯೆಂದರೆ ಶಿಬಿರ ಎಂಬ ನಂಬಿಕೆ ಈ ಭಾಗದಲ್ಲಿ ಆಳವಾಗಿದೆ. ಅದಕ್ಕೆ ಗೌರವದ ಕಾರಣವೂ ಇದೆ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರಗಳನ್ನು ಒಯ್ದು ಲಕ್ಷಾಂತರ ಜನರಿಗೆ ಬೆಳಕು ಕೊಟ್ಟರು. ಆದರೆ ಕಣ್ಣಗೂಡಿನ ಕಾಯಿಲೆ ಮುಂದಿನ ಶಿಬಿರದವರೆಗೆ ತಡೆಯುವಂಥದ್ದಲ್ಲ.

ಪೆಟ್ಟಿಲ್ಲದೆಯೂ ಅಪಾಯ ಬರುತ್ತದೆ. ನೆಗಡಿಯಾಗಿ ನಾಲ್ಕು ದಿನದ ಮೇಲೆ ಮಗುವಿನ ರೆಪ್ಪೆ ಕೆಂಪಾಗಿ ಬಾತರೆ, ಕೀವು ಮೂಗಿನ ಪಕ್ಕದ ಆ ಕಾಗದದ ಗೋಡೆಯನ್ನು ದಾಟಿರಬಹುದು. ಬೆರಳಿನಿಂದ ರೆಪ್ಪೆಯನ್ನು ಮೆಲ್ಲಗೆ ಎತ್ತಿ ನೋಡಬೇಕು. ಗುಡ್ಡೆ ಎಲ್ಲ ಕಡೆಗೂ ನೋವಿಲ್ಲದೆ ತಿರುಗಿ, ದೃಷ್ಟಿ ಸರಿಯಿದ್ದರೆ ಸೋಂಕು ಬಹುಶಃ ರೆಪ್ಪೆಯಲ್ಲಷ್ಟೇ ಇದೆ; ಆದರೂ ವೈದ್ಯರು ನೋಡಲೇಬೇಕು. ಗುಡ್ಡೆ ಮುಂದಕ್ಕೆ ಬಂದಿದ್ದರೆ, ತಿರುಗಿಸಲು ನೋವಾದರೆ, ಮಂಜಾಗಿ ಕಂಡರೆ, ಅದು ಗೂಡಿನೊಳಗೆ ಇಳಿದಿದೆ. ಆಸ್ಪತ್ರೆಯಲ್ಲಿರಿಸಿಕೊಂಡು ರಕ್ತನಾಳದ ಮೂಲಕ ಔಷಧಿ ಕೊಡಬೇಕಾಗುತ್ತದೆ, ಕೆಲವೊಮ್ಮೆ ಕೀವು ತೆಗೆಯಬೇಕಾಗುತ್ತದೆ. ಅಲ್ಲಿಂದ ಮೆದುಳು ದೂರವಿಲ್ಲ. ದೃಷ್ಟಿ ತಾಕಿದೆಯೆಂದು ನಿವಾಳಿಸುವುದರಲ್ಲಿ ತಪ್ಪೇನಿಲ್ಲ. ನಿವಾಳಿಸಿ ನಾಳೆ ನೋಡೋಣವೆಂದು ಮಲಗುವುದು ತಪ್ಪು. ಸೊಪ್ಪಿನ ರಸ, ಎದೆಹಾಲು ಹಿಂಡುವುದಂತೂ ಬೇಡವೇ ಬೇಡ.

ಮನೆಯ ಹಿರಿಯರಿಗೆ 2021ರ ಕಪ್ಪು ಶಿಲೀಂಧ್ರ ನೆನಪಿದ್ದೀತು. ಅದು ಹಿಡಿದದ್ದೂ ಇದೇ ದಾರಿಯನ್ನು: ಮೂಗು, ಪಕ್ಕದ ಪೊಳ್ಳು, ಕಣ್ಣಗೂಡು, ಮೆದುಳು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಅದಕ್ಕೆ ಬಾಗಿಲು ತೆರೆಯಿತು. ಆಂಫೊಟೆರಿಸಿನ್ ಔಷಧಿ ತಡವಾದ ಕೆಲವರಲ್ಲಿ ಜೀವ ಉಳಿಸಲು ಕಣ್ಣನ್ನೂ ಗೂಡಿನೊಳಗಿನ ಎಲ್ಲವನ್ನೂ ತೆಗೆಯಬೇಕಾಯಿತು.

ನೋವಿಲ್ಲದೆ, ಜ್ವರವಿಲ್ಲದೆ ಮಗುವಿನ ಕಣ್ಣು ದಿನಗಳಲ್ಲಿ ಅಥವಾ ವಾರಗಳಲ್ಲಿ ಮುಂದೆ ಬರತೊಡಗಿದರೆ ಗಡ್ಡೆಯ ಸಂಶಯ ಪಡಬೇಕು. ಆಡುವಾಗ ಬಿದ್ದದ್ದಕ್ಕೆ ಹೀಗಾಯಿತೆಂದು ಮನೆಯವರು ಕಾರಣ ಕಟ್ಟಿಕೊಳ್ಳುವುದು ಸಹಜ. ರಾಬ್ಡೊಮಯೋಸಾರ್ಕೋಮಾ ಎಂಬ ಕ್ಯಾನ್ಸರ್ ಹೀಗೆ ಕಾಣಿಸಿಕೊಳ್ಳುತ್ತದೆ. ಹಿಂದೆ ಇದಕ್ಕೆ ಇಡೀ ಗೂಡನ್ನೇ ಬರಿದು ಮಾಡುತ್ತಿದ್ದರು. ಈಗ ಸಣ್ಣ ತುಣುಕು ತೆಗೆದು ಪರೀಕ್ಷಿಸಿ ಕೀಮೋ ಮತ್ತು ವಿಕಿರಣ ಕೊಡುತ್ತಾರೆ. ಗೂಡಿನ ಹೊರಗೆ ಹಬ್ಬುವ ಮೊದಲೇ ಸಿಕ್ಕು ಪೂರ್ಣ ಚಿಕಿತ್ಸೆ ದೊರೆತರೆ ಹತ್ತರಲ್ಲಿ ಒಂಬತ್ತು ಮಕ್ಕಳು ಬದುಕುತ್ತಾರೆ.

ಹೊಲದ ಪೆಟ್ಟುಗಳ ಮಾತು ಬೇರೆ. ಎತ್ತಿನ ಕೋಡು, ಜಾಲಿಯ ಮುಳ್ಳು, ಜೋಳದ ದಂಟು, ದ್ರಾಕ್ಷಿ ತೋಟದ ತಂತಿ. ಚುಚ್ಚಿಕೊಂಡದ್ದನ್ನು ಎಳೆಯಬಾರದು, ಕಣ್ಣನ್ನು ಒತ್ತಿ ಕಟ್ಟಬಾರದು. ಕಾಗದದ ಲೋಟವೊಂದನ್ನು ಬೋರಲಾಗಿಟ್ಟು, ಅದರ ಅಂಚು ಎಲುಬಿನ ಮೇಲೆ ಕೂಡುವಂತೆ ಪಟ್ಟಿ ಹಚ್ಚಿ ಕರೆದೊಯ್ಯಬೇಕು. ಚುಚ್ಚಿದ ವಸ್ತು ಯಾವುದೆಂದು ವೈದ್ಯರಿಗೆ ತಪ್ಪದೆ ಹೇಳಬೇಕು. ಕಟ್ಟಿಗೆಯ ಚೂರು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಸಿ.ಟಿ.ಯಲ್ಲಿ ಗಾಳಿಯಂತೆ ತೋರಿ ಮೋಸ ಮಾಡುತ್ತದೆ, ವಾರಗಳ ಮೇಲೆ ಕೀವಾಗಿ ಹೊರಬರುತ್ತದೆ. ಕಬ್ಬಿಣದ ಚೂರಿದ್ದರೆ ಎಂ.ಆರ್.ಐ. ಯಂತ್ರದ ಅಯಸ್ಕಾಂತ ಅದನ್ನು ಒಳಗೇ ಸರಿಸಿ ಕಣ್ಣನ್ನು ಸೀಳಬಲ್ಲದು. ಪೆಟ್ಟಾದ ಮೇಲೆ ಗುಡ್ಡೆ ಉಬ್ಬಿ ಕಲ್ಲಿನಂತೆ ಬಿಗಿದು ದೃಷ್ಟಿ ಇಳಿಯುತ್ತಿದ್ದರೆ ಹಿಂದೆ ರಕ್ತ ತುಂಬುತ್ತಿದೆ ಎಂದರ್ಥ. ಆಗ ಸ್ಕ್ಯಾನಿಗೂ ಕಾಯದೆ ವೈದ್ಯರು ಕಣ್ಣಿನ ಹೊರಮೂಲೆಯನ್ನು ಸ್ವಲ್ಪ ಕತ್ತರಿಸಿ ಒತ್ತಡ ಇಳಿಸುತ್ತಾರೆ. ಅಲ್ಲಿ ಲೆಕ್ಕ ನಿಮಿಷಗಳದು.

ಜಗಳದಲ್ಲೋ ಅಪಘಾತದಲ್ಲೋ ಪೆಟ್ಟಾಗಿದ್ದರೆ ಪೊಲೀಸ್ ಕಾಗದ ಬರುವವರೆಗೆ ಚಿಕಿತ್ಸೆ ನಿಲ್ಲಬೇಕಾಗಿಲ್ಲ. 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಜೀವ ಉಳಿಸುವ ಚಿಕಿತ್ಸೆ ಮೊದಲು, ಔಪಚಾರಿಕತೆ ಆಮೇಲೆ ಎಂದು ಸ್ಪಷ್ಟಪಡಿಸಿದೆ. ಸ್ಕ್ಯಾನಿನ ವರದಿ ಮತ್ತು ಚಿತ್ರಗಳ ಪ್ರತಿಯನ್ನು ಪಡೆದಿಟ್ಟುಕೊಳ್ಳಬೇಕು. ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಮಿನಂತೆ ಎಲುಬು ಮುರಿದರೆ ಅದು ಘೋರ ಗಾಯ. ಕೂದಲೆಳೆಯ ಬಿರುಕು ವರದಿಯಲ್ಲಿ ಬಿಟ್ಟುಹೋದರೆ ಅದೇ ಪೆಟ್ಟು ಸಾದಾ ಗಾಯವೆಂದು ದಾಖಲಾಗುತ್ತದೆ.

ಶಸ್ತ್ರಚಿಕಿತ್ಸೆಯಾದ ಮಗುವಿಗೆ ಮುಂದಿನ ಕೆಲವು ವಾರ ಎರಡಾಗಿ ಕಾಣುವುದು ಉಳಿಯಬಹುದು. ವೈದ್ಯರು ಹೇಳುವವರೆಗೆ ಅದು ಮೂಗು ಸೀನಬಾರದು, ಗಾಳಿ ಗೂಡಿಗೆ ನುಗ್ಗುತ್ತದೆ. ಬಾವಿಯಲ್ಲಿ ಈಜು, ಚೆಂಡಾಟ ಬೇಡ. ಮೆಟ್ಟಿಲಿಳಿಯುವಾಗ ಕೈ ಹಿಡಿಯಬೇಕು. ಫಳಿಯ ಮೇಲಿನ ಸಾಲುಗಳು ಒಂದರ ಮೇಲೊಂದು ಬಿದ್ದಂತೆ ಕಾಣುವುದರಿಂದ, ಬರಹದಲ್ಲಿ ತಪ್ಪಾದರೆ ಬೈಯಬಾರದೆಂದು ಗುರುಗಳಿಗೆ ಮೊದಲೇ ಹೇಳಿಡಬೇಕು.